ಗಾಳಿಯ ದಿನ, ಮಾಲಕಂಸದ ರಾತ್ರಿ

ಕಲಬುರಗಿ,
ಸೋಮವಾರ

ಪ್ರೀತಿಯ ಮಗಳಿಗೆ ನಿನ್ನ ಅವ್ವನ ಆಶೀರ್ವಾದಗಳು.

ಬಂಗಾಳ ಉಪಸಾಗರದಲ್ಲಿ ವಾಯುಭಾರ ಕುಸಿದರೆ ಆ ಗಾಳಿ ಆಂಧ್ರ, ತೆಲಂಗಾಣಗಳನ್ನು ದಾಟಿ ನಮ್ಮ ಜಿಲ್ಲೆಗೂ ಬರುತ್ತದೆ. 2020ರ ಅಕ್ಟೋಬರ್‌ನಲ್ಲಿ ಅಂಥದ್ದೇ ಮಳೆಗೆ ಭೀಮೆ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದ್ದು ನಿನಗೆ ನೆನಪಿರಬೇಕು. ನಿನ್ನೆ ಮಳೆ ಅಷ್ಟಾಗಿ ಬೀಳಲಿಲ್ಲ, ಆದರೆ ಗಾಳಿ ಮಾತ್ರ ಬೆಳಗಿನಿಂದ ಬಿಡದೆ ಬೀಸಿತು. ಹೊಲದಲ್ಲಿ ತೊಗರಿ ಹೂ ಹಿಡಿಯುವ ಹೊತ್ತಿನಲ್ಲಿ ಮೋಡ ಕವಿದರೆ ಹೂ ಉದುರುತ್ತದೆ, ಹುಳವೂ ಬೀಳುತ್ತದೆ ಎಂದು ನಿಮ್ಮ ಅಪ್ಪಾಜಿ ಚಹಾ ಕುಡಿಯುವಾಗಲೇ ಚಿಂತೆ ಶುರು ಮಾಡಿದರು.

ಅದೇ ಗಾಳಿಯಲ್ಲಿ ದೀಪಾವಳಿಯ ಕೆಲಸಗಳಿಗೆ ಹೊರಬಿದ್ದೆವು. ಅಜ್ಜಿಯ ಕನ್ನಡಕದ ಕಡ್ಡಿ ಸರಿ ಮಾಡಿಸಿದ್ದಾಯಿತು, ದರ್ಜಿಯಿಂದ ನಿನ್ನ ತಮ್ಮನ ಅಂಗಿ ತಂದದ್ದಾಯಿತು. ಸೂಪರ್ ಮಾರ್ಕೆಟ್ ಬಜಾರಿನಲ್ಲಿ ತಳ್ಳುಗಾಡಿಯವರು ಹಾರುವ ತಾಡಪತ್ರಿಗಳನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ತೂಗುತ್ತಿದ್ದರು, ಆದ್ದರಿಂದ ಅಲ್ಲಿ ಚೌಕಾಸಿ ಮಾಡಲು ನನಗೆ ಮನಸ್ಸಾಗಲಿಲ್ಲ. ಗಿರಣಿಗೆ ಹೋದರೆ ಕರೆಂಟ್ ಇರಲಿಲ್ಲ. ಜೋಳದ ಚೀಲವನ್ನು ಅಲ್ಲಿಯೇ ಇಟ್ಟು ಬಂದೆವು. ನಿಮ್ಮ ಮೆಸ್ಸಿನ ಬೆಲ್ಲ ಹಾಕಿದ ಬೇಳೆಸಾರು, ಆ ಆಮಟಿ, ಗಂಟಲಿಗೆ ಇಳಿಯುವುದಿಲ್ಲ ಎಂದು ಬರೆದಿದ್ದೆಯಲ್ಲ, ಅದಕ್ಕೆ ಎರಡು ಕಿಲೋ ತೊಗರಿಬೇಳೆ ಕೊಂಡಿದ್ದೇನೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ ಎಂದು ನಿನ್ನ ಮಹಾರಾಷ್ಟ್ರದ ಗೆಳತಿಯರಿಗೆ ಧಾರಾಳವಾಗಿ ಹೇಳು.

ಈ ಪತ್ರ ಬರೆಯಲು ಕೂತದ್ದು ನಿನ್ನೆ ಸಂಜೆಯ ಸಂಗೀತ ಕಚೇರಿಯ ವಿಷಯ ಹೇಳುವುದಕ್ಕಾಗಿ. ಸ್ವಾಗತ, ಸನ್ಮಾನ, ಶಾಲು, ಹಾರ, ಭಾಷಣಗಳೆಲ್ಲ ಮುಗಿಯುವಷ್ಟರಲ್ಲಿ ಅರ್ಧ ಜನ ಆಕಳಿಸುತ್ತಿದ್ದರು. ಧಾರವಾಡದ ಕಡೆಯಿಂದ ಬಂದಿದ್ದ ಗಾಯಕಿ ಒಂದು ಮಾತನ್ನೂ ಆಡದೆ ತಂಬೂರಿಯ ಪಂಚಮ ಸ್ವರದ ತಂತಿಯನ್ನು ಮಧ್ಯಮಕ್ಕೆ ಇಳಿಸತೊಡಗಿದಾಗಲೇ ಮಾಲಕಂಸ ರಾಗ ಎಂದು ನನಗೆ ತಿಳಿಯಿತು, ಏಕೆಂದರೆ ರಿಷಭ, ಪಂಚಮಗಳಿಲ್ಲದ ಆ ರಾಗಕ್ಕೆ ಪಂಚಮದ ತಂತಿಯನ್ನು ಮೀಟುವಂತಿಲ್ಲ. ಶಾಸ್ತ್ರದ ಪ್ರಕಾರ ಅದು ನಡುರಾತ್ರಿಯ ನಂತರದ ರಾಗ. ಈಗ ಅಷ್ಟು ಹೊತ್ತು ಕೂರುವವರು ಯಾರು, ಒಂಬತ್ತಕ್ಕೇ ಹಾಡುತ್ತಾರೆ. ನಿಧಾನ ಗತಿಯ ವಿಲಂಬಿತ ಏಕತಾಲದಲ್ಲಿ ಆಲಾಪ ಬೆಳೆಯುತ್ತಿದ್ದಂತೆ ಕರೆಂಟ್ ಹೋಯಿತು. ಜನರೇಟರ್ ಶುರುವಾಗಲು ಬಹಳ ಹೊತ್ತು ಹಿಡಿಯಿತು, ಆದರೆ ಆಕೆ ನಿಲ್ಲಿಸಲಿಲ್ಲ. ಹಿಂದೆ ಕೂತವರು ಮೊಬೈಲ್ ಬೆಳಕಿನಲ್ಲಿ ಮುಂದೆ ಬಂದು ವೇದಿಕೆಯ ಕೆಳಗೆ ಜಮಖಾನೆಯ ಮೇಲೆ ಕುಳಿತರು. ನಮ್ಮಲ್ಲಿ ಧ್ವನಿವರ್ಧಕವನ್ನು ಕಿವಿ ಗುಂಯ್‌ಗುಡುವಷ್ಟು ಏರಿಸಿಡುತ್ತಾರೆ, ಅದರಲ್ಲಿ ತಂಬೂರಿ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ನಿನ್ನೆ ಮೈಕು ಸತ್ತ ಮೇಲೆ ತಂಬೂರಿಯ ಝೇಂಕಾರವೇ ಮೊದಲು ಕೇಳಿಸಿತು, ಅದರ ಮೇಲೆ ಕೋಮಲ ಗಾಂಧಾರ ಮೆಲ್ಲನೆ ಜಾರುತ್ತ ಷಡ್ಜಕ್ಕೆ ಬಂದು ನಿಲ್ಲುವುದು ಸ್ಪಷ್ಟವಾಗಿ ಕೇಳಿಸಿತು. ಗಾಳಿಗೆ ತಗಡು ಬಡಿದುಕೊಳ್ಳುತ್ತಿದ್ದರೂ ಯಾರೂ ತಲೆ ಎತ್ತಲಿಲ್ಲ. ತೇವಕ್ಕೆ ತಬಲಾದ ಚರ್ಮ ಸಡಿಲಗೊಂಡು ಶ್ರುತಿ ಇಳಿಯುತ್ತಿತ್ತು. ತಬಲಾದವರು ಸುತ್ತಿಗೆ ತೆಗೆದುಕೊಂಡು ಪದೇ ಪದೇ ಬಿಗಿಗೊಳಿಸುತ್ತಿದ್ದರು. ವೇಗದ ಗತಿಯ ಹಾಡು, ದ್ರುತ್ ಬಂದಿಶ್, ಹಿಡಿಯುವ ಹೊತ್ತಿಗೆ ದೀಪ ಬಂದಿತು. ಮೈಕಿನವನು ಗುಂಡಿ ಒತ್ತಲು ಹೋದಾಗ ಮುಂದಿನ ಸಾಲಿನ ಹಿರಿಯರೊಬ್ಬರು ಬೇಡವೆಂದು ಕೈಸನ್ನೆ ಮಾಡಿದರು, ಸಭೆಯೆಲ್ಲ ಚಪ್ಪಾಳೆ ತಟ್ಟಿತು.

ಕೊನೆಗೆ ಭೈರವಿಯಲ್ಲಿ ಒಂದು ವಚನ. ಅರ್ಧಕ್ಕೇ ಎದ್ದು ಹೋಗುವ ಸ್ವಭಾವದ ನಿಮ್ಮ ಅಪ್ಪಾಜಿ ಕಡೆಯವರೆಗೂ ಕುಳಿತಿದ್ದರು. ಆಟೋದಲ್ಲಿ ಬರುವಾಗ, ತಮಗೆ ರಾಗದ ಲೆಕ್ಕ ತಿಳಿಯದು, ಆದರೆ ಮೈಕಿಲ್ಲದಿದ್ದರೆ ಇನ್ನೊಮ್ಮೆ ಬರಲು ಅಡ್ಡಿಯಿಲ್ಲ ಎಂದರು.

ಮನೆಗೆ ಬಂದವಳೇ ನಿನ್ನ ತಂಬೂರಿಯ ಗವಸು ತೆಗೆದು ನೋಡಿದೆ. ಕೆಳಗಿನ ಷಡ್ಜದ, ಅಂದರೆ ಖರ್ಜದ, ಹಿತ್ತಾಳೆ ತಂತಿ ಹರಿದಿದೆ, ಉಳಿದ ಮೂರಕ್ಕೆ ತುಕ್ಕು ಹಿಡಿದಿದೆ. ತಂಬೂರಿ ಮಾಡುವವರ ಊರಾದ ಮಿರಜದಲ್ಲೇ ನೀನು ಓದುತ್ತಿರುವೆ; ಹಬ್ಬಕ್ಕೆ ಬರುವಾಗ ಅಲ್ಲಿಯ ಒಳ್ಳೆಯ ಅಂಗಡಿಯಲ್ಲಿ ಒಂದು ಜೊತೆ ತಂತಿ ಮತ್ತು ಝೇಂಕಾರ ಬರಲೆಂದು ತಂತಿಯ ಕೆಳಗೆ ಹಾಕುವ ಜವಾರಿ ದಾರ ತೆಗೆದುಕೊಂಡು ಬಾ. ಹೆಣ್ಣು ಕಂಠದ ತಂಬೂರಿಗೆ ಎಂದು ಹೇಳಿ ಕೇಳು, ಗಂಡು ಕಂಠದ್ದಕ್ಕೆ ತಂತಿ ದಪ್ಪ ಇರುತ್ತದೆ. ದುಡ್ಡನ್ನು ಅಪ್ಪಾಜಿ ನಾಳೆ ಕಳುಹಿಸುತ್ತಾರೆ.

ಇಂತಿ ನಿನ್ನ
ಅವ್ವ