ನೆಲ ಸರಿಯುವ ಕಣಿವೆಯಿಂದ

ರೇಕ್ಯಾವಿಕ್, ಐಸ್‌ಲ್ಯಾಂಡ್

ಪ್ರೀತಿಯ ಅಪ್ಪ ಅಮ್ಮನಿಗೆ ನಮಸ್ಕಾರ.

ನಾನು ಆರಾಮವಾಗಿದ್ದೇನೆ. ಅಪ್ಪ, ಭೂಮಿಯ ಫಲಕಗಳ ಬಗ್ಗೆ, ಅಂದರೆ ಭೂಮಿಯ ಗಟ್ಟಿ ಹೊರಪದರದ, ನಿಧಾನವಾಗಿ ಸರಿಯುವ ದೊಡ್ಡ ದೊಡ್ಡ ತುಂಡುಗಳ ಬಗ್ಗೆ ಕೇಳಿದ್ದಿರಲ್ಲ, ಅದನ್ನೇ ಬರೆಯುತ್ತೇನೆ.

ಮೊನ್ನೆ ಥಿಂಗ್ವೆಲ್ಲಿರ್ ಕಣಿವೆಗೆ ಹೋಗಿದ್ದೆ. ಪಶ್ಚಿಮಕ್ಕೆ ಕಪ್ಪು ಬಂಡೆಯ ಉದ್ದನೆಯ ಗೋಡೆ, ಅದು ಉತ್ತರ ಅಮೆರಿಕ ಫಲಕದ ಅಂಚು. ಪೂರ್ವಕ್ಕೆ ಯುರೇಷಿಯಾ ಫಲಕದ ಕಡೆ. ಈ ಎರಡು ಫಲಕಗಳು ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ದೂರವಾಗುತ್ತಿವೆ. ಜನ ಒಂದು ಬಿರುಕಿನ ಆಚೆ ಈಚೆ ಕಾಲಿಟ್ಟು, ಎರಡು ಖಂಡದ ಮೇಲೆ ನಿಂತಿದ್ದೇವೆ ಎಂದು ಫೋಟೊ ತೆಗೆಸಿಕೊಳ್ಳುತ್ತಾರೆ. ನನಗೆ ಅದು ಸರಿ ಅನಿಸಲಿಲ್ಲ. ಗಡಿ ಅಂದರೆ ಅಲ್ಲಿ ಒಂದು ಗೆರೆ ಅಲ್ಲ, ಕಿಲೋಮೀಟರ್‌ಗಟ್ಟಲೆ ಅಗಲದ ಇಡೀ ಕಣಿವೆಯೇ ಗಡಿ. ಕಳೆದ 10,000 ವರ್ಷಗಳಲ್ಲಿ ಅದು ಸುಮಾರು 70 ಮೀಟರ್ ಅಗಲವಾಗಿದೆ, 40 ಮೀಟರ್ ಕುಸಿದಿದೆ. ಅದೂ ದಿನಾ ಇಷ್ಟಿಷ್ಟು ಅಂತ ಅಲ್ಲ. ಎಳೆತ ಎಷ್ಟೋ ಕಾಲ ಒಳಗೇ ಕೂಡುತ್ತಾ ಹೋಗಿ, ಒಮ್ಮೆಗೇ ಬಿಡುತ್ತದೆ. 1789ರ ಭೂಕಂಪಗಳಲ್ಲಿ ಕಣಿವೆಯ ತಳ ಕೆಲವೇ ದಿನಗಳಲ್ಲಿ ಒಂದು ಮೀಟರಿಗಿಂತ ಜಾಸ್ತಿ ಇಳಿಯಿತಂತೆ!

ಹೀಗೆ ತೆರೆದ ಜಾಗಕ್ಕೆ ಕೆಳಗಿನಿಂದ ಕರಗಿದ ಕಲ್ಲು ಏರಿ ಬರುತ್ತದೆ. ತಣಿದ ಮೇಲೆ ಅದೇ ಹೊಸ ನೆಲ. ಈ ಸೀಳು ಅಟ್ಲಾಂಟಿಕ್ ಸಾಗರದ ನಟ್ಟನಡುವೆ, ನೀರಿನಡಿಯ ಬೆಟ್ಟಸಾಲಿನ ಉದ್ದಕ್ಕೂ ದಕ್ಷಿಣದವರೆಗೆ ಸಾಗುತ್ತದೆ. 1950ರ ದಶಕದಲ್ಲಿ ಅದನ್ನು ಗುರುತಿಸಿದವರು ಅಮೆರಿಕದ ಭೂವಿಜ್ಞಾನಿ ಮೇರಿ ಥಾರ್ಪ್. ಆಗ ಸಂಶೋಧನೆಯ ಹಡಗಿಗೆ ಹೆಂಗಸರನ್ನು ಹತ್ತಿಸುತ್ತಿರಲಿಲ್ಲ. ಬೇರೆಯವರು ಅಳೆದು ತಂದ ಆಳದ ಲೆಕ್ಕಗಳನ್ನೇ ಕಾಗದದ ಮೇಲೆ ಇಳಿಸಿ ಈ ಕಣಿವೆಯನ್ನು ಕಂಡರು. ಜೊತೆಗಿದ್ದವರೇ ಮೊದಲು ನಂಬಲಿಲ್ಲ. ಅವರ ಬಗ್ಗೆ ಓದಿದಾಗಿನಿಂದ ನನಗೆ ಅವರ ಮೇಲೆ ತುಂಬಾ ಗೌರವ.

ಹಾಗಾದರೆ ಭೂಮಿ ದೊಡ್ಡದಾಗುತ್ತಾ ಹೋಗಬೇಕಲ್ವಾ? ಇಲ್ಲ. ಇಲ್ಲಿ ಹುಟ್ಟಿದಷ್ಟು ನೆಲ ಇನ್ನೆಲ್ಲೋ ಒಳಗೆ ಹೋಗುತ್ತದೆ. ಜಪಾನಿನ ಪೂರ್ವಕ್ಕೆ ಪೆಸಿಫಿಕ್ ಫಲಕ ಪಕ್ಕದ ಫಲಕದ ಅಡಿಗೆ ನುಗ್ಗುತ್ತಿದೆ. ಅಲ್ಲಿ ಸಿಕ್ಕಿಕೊಂಡಿದ್ದ ಭಾಗ 2011ರಲ್ಲಿ ಜಾರಿದ್ದಕ್ಕೇ ಆ ಸುನಾಮಿ. ಹೀಗೆ ಹಳೆಯದು ಒಳಗೆ ಹೋಗುತ್ತಿರುವುದರಿಂದ, ಸಾಗರದ ತಳದ ಹೆಚ್ಚಿನ ಬಂಡೆ 20 ಕೋಟಿ ವರ್ಷಕ್ಕಿಂತ ಈಚಿನದು. ಖಂಡಗಳ ಮೇಲಾದರೆ 400 ಕೋಟಿ ವರ್ಷದ ಬಂಡೆಯೂ ಸಿಗುತ್ತದೆ.

ಎರಡೂ ಕಡೆ ಖಂಡವೇ ಇದ್ದರೆ ಕಥೆ ಬೇರೆ. ಖಂಡದ ಕಲ್ಲು ಹಗುರ, ಸುಲಭವಾಗಿ ಮುಳುಗುವುದಿಲ್ಲ. ಮಡಚಿಕೊಂಡು ಮೇಲೇಳುತ್ತದೆ. ಸುಮಾರು 5 ಕೋಟಿ ವರ್ಷದ ಹಿಂದೆ ಭಾರತ ಏಷ್ಯಾಕ್ಕೆ ಬಂದು ತಾಗಿ ಹಿಮಾಲಯ ಎದ್ದದ್ದು ಹಾಗೆಯೇ. ಎವರೆಸ್ಟ್‌ನ ತುದಿಯಲ್ಲಿ ಇರುವುದು ಒಂದು ಕಾಲದ ಸಮುದ್ರದ ಸುಣ್ಣಕಲ್ಲು! ಆ ಒತ್ತುವಿಕೆ ಇನ್ನೂ ನಿಂತಿಲ್ಲ. 2015ರಲ್ಲಿ ನೇಪಾಳ ನಡುಗಿದ್ದೂ ಅದರಿಂದಲೇ.

ಇಬ್ಬರೂ ಆರೋಗ್ಯ ನೋಡಿಕೊಳ್ಳಿ.

ನಿಮ್ಮ ಮಗಳು