ಆದೇಶ ಬರುವ ತನಕ ಕಾಯಲೇ ಎಂದು ಕೇಳಿದ್ದೀಯ

ಚಿ. ವೀಣಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಬಿಡು. ಮೇಲಿನಿಂದ ಆದೇಶ ಬರುವ ತನಕ ಹಟ್ಟಿಯ ಕುಡಿಯುವ ನೀರಿನ ಕೆಲಸಕ್ಕೆ ಕೈಹಾಕಬೇಡ ಎಂದು ಹಿರಿಯ ಸಹೋದ್ಯೋಗಿ ಹೇಳಿದರು, ಕಾಯಲೇ ಎಂದು ಕೇಳಿದ್ದೀಯ. ನಿನ್ನ ಕಾಗದದ ಕೊನೆಯ ಸಾಲು ನಿದ್ದೆ ಕೆಡಿಸಿದೆ. "ಕೆಲಸ ಮಾಡಿದವರಿಗೇ ಆಡಿಟ್ ಆಕ್ಷೇಪಣೆ, ನೋಟಿಸು. ಸುಮ್ಮನಿದ್ದವರಿಗೆ ಏನೂ ಇಲ್ಲ." ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಆಗಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ಈ ಮಾತು.

ಭಯ ಸುಳ್ಳು ಅನ್ನಲಾರೆ. ಖರ್ಚು ಹಾಕಿದ ಬಿಲ್ಲಿಗೆ ಆಕ್ಷೇಪಣೆ ಬರುತ್ತದೆ, ಹಾಕದೇ ಬಿಟ್ಟ ಬ್ಲೀಚಿಂಗ್ ಪೌಡರಿಗೆ ಬಿಲ್ಲೇ ಇರುವುದಿಲ್ಲ. ಆದರೆ 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅಂಥ ದಿನ ಬಂದರೆ, ಆದೇಶ ಬಂದಿರಲಿಲ್ಲ ಅನ್ನುವ ಉತ್ತರವನ್ನು ಯಾರು ಕೇಳುತ್ತಾರೆ?

ನೀನು ಬರೆದ ಆ ಹಟ್ಟಿಯ ಟ್ಯಾಂಕು 50,000 ಲೀಟರಿನದಲ್ಲವೇ? ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ 125 ಗ್ರಾಂ ಒಳ್ಳೆಯ ಪೌಡರು ಸಾಕು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸುರಿಯಬೇಕು, ಒಂದು ಗಂಟೆ ಬಿಟ್ಟು ನೀರು ಬಿಡಬೇಕು. ಊರಿಗೆ ನೀರು ಬಿಡುವ ನೀರುಗಂಟಿಗಳು ಎಡವುವುದು ಇಲ್ಲೇ: ಬಾಯಿ ತೆರೆದಿಟ್ಟ ಚೀಲದ ಪೌಡರಿನ ಕ್ಲೋರಿನ್ ಹಾರಿಹೋಗಿರುತ್ತದೆ, ಅಳತೆ ಮಾತ್ರ ಹಳೆಯದೇ. ಪರೀಕ್ಷೆಯನ್ನೂ ಟ್ಯಾಂಕಿನ ಬುಡದಲ್ಲೇ ಮುಗಿಸುತ್ತಾರೆ. ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇದಕ್ಕೆ ಯಾರ ಆದೇಶ ಬೇಕು ಹೇಳು. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಮಾತ್ರ ಪೌಡರಿಂದ ಏನೂ ಆಗದು. ಬೇರೆ ಬೋರ್‌ವೆಲ್ಲೇ ನೋಡಬೇಕು.

ಮತ್ತೆ ಆ ಭಯದ ಮಾತಿಗೇ ಬರುತ್ತೇನೆ. ಮುಂದಾಗಿ ಕೆಲಸ ಮಾಡಿದವರು ಸಿಕ್ಕಿಬೀಳುವುದು ಬಹುಪಾಲು ಕಾಗದ ಹಿಂದೆ ಬಿದ್ದಾಗ. ಬೇಸಿಗೆಯ ಟ್ಯಾಂಕರನ್ನೇ ನೋಡು. ನೀರು ಹೋಗಿರುತ್ತದೆ, ಜನ ಕುಡಿದೂ ಇರುತ್ತಾರೆ. ಟ್ರಿಪ್ ಶೀಟಿನಲ್ಲಿ ಗಾಡಿ ನಂಬರು, ಲೀಟರು, ಹೊತ್ತು, ನೀರು ಪಡೆದವರ ಸಹಿ ಇರದಿದ್ದರೆ ಅಷ್ಟೂ ಹಣ ಅಧಿಕಾರಿಯಿಂದಲೇ ವಸೂಲಿಗೆ ಬರುತ್ತದೆ. ಇನ್ನೊಂದು, ಟೆಂಡರು ತಪ್ಪಿಸಲು ಕೆಲಸವನ್ನು ತುಂಡು ಮಾಡುವುದು. ಅವಸರದಲ್ಲಿ ಒಳ್ಳೆಯವರೂ ಮಾಡುತ್ತಾರೆ, ಸರ್ಕಾರಿ ಖರೀದಿ, ಟೆಂಡರುಗಳ ಕೆಟಿಪಿಪಿ ಕಾಯ್ದೆಗೆ ಅವಸರ ತಿಳಿಯದು. ಮಾರ್ಚಿಯಲ್ಲಿ ಓಡಾಡುವ ಬದಲು ಡಿಸೆಂಬರಿನಲ್ಲೇ ಬೋರ್‌ವೆಲ್ಲುಗಳ ಇಳುವರಿ ಅಳೆಸಿ, ಖಾಸಗಿ ಬೋರ್‌ವೆಲ್ಲಿನವರ ಒಪ್ಪಿಗೆ ಬರೆಸಿ, ಪಟ್ಟಿಯನ್ನು ಕುಡಿಯುವ ನೀರಿನ ತಾಲ್ಲೂಕು ಟಾಸ್ಕ್‌ಫೋರ್ಸಿಗೆ ಕಳಿಸಬಹುದೇನೋ. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದರೆ ಕ್ಷಮಿಸು.

ಮೇಲಿನವರು ಬಾಯಲ್ಲಿ ಹೇಳಿದ್ದನ್ನು ಅಂದೇ "ದೂರವಾಣಿಯಲ್ಲಿ ನೀಡಿದ ಸೂಚನೆಯಂತೆ" ಎಂದು ಬರೆದು ಕಳಿಸು. "ಚರ್ಚಿಸಿ" ಎಂದು ಬರೆಸಿಕೊಂಡು ಬಂದ ಕಡತವನ್ನು ಬೀರುವಿಗೆ ಸೇರಿಸಬೇಡ. ಚರ್ಚಿಸಿದ ದಿನಾಂಕ, ತೀರ್ಮಾನ ಬರೆದು ಮತ್ತೆ ಮಂಡಿಸು. ನಮ್ಮ ಪೀಳಿಗೆ ಹೊಸಬರಿಗೆ ಮೊದಲು ಕಲಿಸಿದ್ದೇ "ಸೂಕ್ತ ಆದೇಶಕ್ಕಾಗಿ ಮಂಡಿಸಿದೆ" ಎಂಬ ಸಾಲನ್ನು, ತನ್ನ ಅಭಿಪ್ರಾಯ ಬರೆಯದೆ ಚೆಂಡನ್ನು ಮೇಲಕ್ಕೆ ದಾಟಿಸುವುದನ್ನು. ನಿವೃತ್ತನಾದ ಮೇಲೆ ಅದು ಮನಸ್ಸನ್ನು ಕೊರೆಯುತ್ತದೆ. ನಿನ್ನ ಕಾಗದದಲ್ಲಿರುವ ಭಯ ನಮ್ಮಿಂದಲೇ ಇಳಿದು ಬಂದದ್ದೇನೋ ಅನಿಸುತ್ತದೆ.

ಸುಮ್ಮನಿರುವುದಕ್ಕೂ ದಂಡ ಇಲ್ಲದಿಲ್ಲ. ಅರ್ಜಿದಾರರಿಗೆ ಗಡುವಿನೊಳಗೆ ಸೇವೆ ಕೊಡಬೇಕೆನ್ನುವ ಸಕಾಲ ಕಾಯ್ದೆ 2012ರ ಏಪ್ರಿಲ್‌ನಿಂದ ಜಾರಿಯಲ್ಲಿದೆ: ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಮೊತ್ತ ಚಿಕ್ಕದು, ನಿಜ. ಅದಕ್ಕೇ ಕೆಲವರು ಗಡುವಿನ ಕೊನೆಯ ದಿನ "ದಾಖಲೆ ಕಡಿಮೆ ಇದೆ" ಎಂದು ಹಿಂಬರಹ ಕೊಟ್ಟು ಲೆಕ್ಕದಲ್ಲಿ ಶುದ್ಧರಾಗುತ್ತಾರೆ. ಅಂಥ ಅರ್ಜಿಯ ದಾಖಲೆಗಳನ್ನು ಕೌಂಟರಿನಲ್ಲೇ, ತೆಗೆದುಕೊಳ್ಳುವಾಗಲೇ ನೋಡಿಸು.

ನಿನ್ನ ಹಿರಿಯ ಸಹೋದ್ಯೋಗಿ ಹೇಳಿದ್ದು ಪೂರ್ತಿ ತಪ್ಪಲ್ಲ, ಅವರಿಗೂ ಏನೋ ಪೆಟ್ಟು ಬಿದ್ದಿರಬೇಕು. ಅವರೊಂದಿಗೆ ಜಗಳಕ್ಕೆ ಹೋಗಬೇಡ. ಕಡತದ ಪುಟಗಳಿಗೆ ಸಂಖ್ಯೆ ಹಾಕಿಸು. ಸೋಮವಾರ ಆ ಹಟ್ಟಿಗೆ ಹೋದಾಗ ಪೌಡರಿನ ಚೀಲದ ಮೇಲೆ ಯಾವ ತಿಂಗಳಿದೆ, ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಎಷ್ಟು ಬಂತು ಅಂತ ನನಗೆ ಬರಿ.

ನಿನ್ನ ದೊಡ್ಡಪ್ಪ