ಖಾಲಿ ತೋಟೆಗೂ ದೀಪದ ಕಂಬಕ್ಕೂ ಅಮೋನಿಯಾ ಆಗದು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ಭಾನುವಾರದ ತಮ್ಮ ಪುರವಣಿಯಲ್ಲಿ ಹಳೆಯ ಹಿತ್ತಾಳೆ ಸಾಮಾನುಗಳನ್ನು ಬೆಳಗುವ ಬಗೆ ಕುರಿತು ಒಂದು ಟಿಪ್ಪಣಿ ಪ್ರಕಟವಾಗಿತ್ತು. ಅಮೋನಿಯಾ ಬೆರೆಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಎಂಥ ಕಿಲುಬೂ ಬಿಟ್ಟುಹೋಗುತ್ತದೆ ಎಂದೂ, ವಿದೇಶಗಳಲ್ಲಿ ಗುರಿಕಾರಿಕೆಯ ಹವ್ಯಾಸವುಳ್ಳವರು ಹಾರಿಸಿದ ಖಾಲಿ ತೋಟೆಗಳಿಗೆ, ಅಂದರೆ ಬಂದೂಕಿನ ಮದ್ದುಗುಂಡು ತುಂಬುವ ಹಿತ್ತಾಳೆ ಕೊಳವೆಗಳಿಗೆ, ಮತ್ತೆ ಮದ್ದು ತುಂಬುವ ಮುನ್ನ ತೊಳೆಯುವುದೂ ಹೀಗೆಯೇ ಎಂದೂ ಅದರಲ್ಲಿ ಬರೆಯಲಾಗಿದೆ. ಮೊದಲನೆಯ ಮಾತು ಅರ್ಧ ಸತ್ಯ, ಎರಡನೆಯದು ಪೂರ್ತಿ ತಲೆಕೆಳಗು. ಖಾಲಿ ತೋಟೆ ತೊಳೆಯುವವರು ಮೊಟ್ಟಮೊದಲು ಕಲಿಯುವುದೇ ಅಮೋನಿಯಾವನ್ನು ಹತ್ತಿರ ಸೇರಿಸಬಾರದು ಎಂಬುದನ್ನು.

ನಾನು ಸೇನೆಯಲ್ಲಿ ಆರ್ಮರರ್ ಆಗಿದ್ದು ನಿವೃತ್ತನಾಗಿ ದಾವಣಗೆರೆಯಲ್ಲಿ ನೆಲೆಸಿದವನು. ಬಂದೂಕು ರಿಪೇರಿಯ ಜೊತೆಗೆ ಫೈರಿಂಗ್ ಮುಗಿದ ಮೇಲೆ ಖಾಲಿ ತೋಟೆಗಳನ್ನು, ಅಂದರೆ ನಮ್ಮ ಬ್ಯಾರಕ್ಕಿನ ಮಾತಿನಲ್ಲಿ ಖೋಖಾಗಳನ್ನು, ಎಣಿಸಿ ಒಪ್ಪಿಸುವ ಕೆಲಸವೂ ನಮ್ಮ ಪಾಲಿಗೆ ಬರುತ್ತಿತ್ತು. ಒಂದು ಕಡಿಮೆಯಾದರೂ ಮಂಡಿಯೂರಿ ಹುಲ್ಲಿನಲ್ಲಿ ಹುಡುಕಬೇಕಾಗುತ್ತಿದ್ದುದರಿಂದ ಆ ಹಿತ್ತಾಳೆಯನ್ನು ನಾನು ನೋಡಿದಷ್ಟು ಹತ್ತಿರದಿಂದ ಬೇರೆ ಯಾವ ಲೋಹವನ್ನೂ ನೋಡಿಲ್ಲ. ಹಾರಿಸಿದ ತೋಟೆಯ ಬಾಯಿಯ ಸುತ್ತ ಕಪ್ಪು ಮಸಿ ಹಿಡಿದಿರುತ್ತದೆ. ಅದರ ಕೆಳಗೆ, ಭುಜದ ಬಳಿ, ಕಂದುನೀಲಿ ಬಣ್ಣದ ಒಂದು ಪಟ್ಟಿ ಕಾಣುತ್ತದೆ. ಮಸಿಯನ್ನು ಒರೆಸಬಹುದು, ಆ ಪಟ್ಟಿಯನ್ನು ಕೊಳೆಯೆಂದು ತಿಳಿದು ಉಜ್ಜುವವರು ಮಾತ್ರ ಅನಗತ್ಯವಾಗಿ ಕೈ ನೋಯಿಸಿಕೊಳ್ಳುತ್ತಾರೆ. ಅದು ಕಾರ್ಖಾನೆಯಲ್ಲಿ ತೋಟೆಯ ಕತ್ತನ್ನು ಕಾಯಿಸಿ ಮೆದುಗೊಳಿಸಿದ್ದರ ಗುರುತು.

ಅಮೋನಿಯಾದ ವಿಷಯಕ್ಕೆ ಬರುತ್ತೇನೆ. ಈ ವಿದ್ಯೆ ಹುಟ್ಟಿದ್ದು ನಮ್ಮ ದೇಶದ ಮಳೆಗಾಲದಲ್ಲಿ. ಬ್ರಿಟಿಷರ ಸೈನ್ಯ ಇಲ್ಲಿದ್ದ ಕಾಲದಲ್ಲಿ, ಮಳೆಗಾಲ ಮುಗಿಯುವವರೆಗೆ ತೋಟೆಗಳನ್ನು ಕುದುರೆ ಲಾಯಗಳಲ್ಲಿ ದಾಸ್ತಾನು ಮಾಡುತ್ತಿದ್ದರು. ಮಳೆ ನಿಂತು ಪೆಟ್ಟಿಗೆ ತೆರೆದರೆ, ಒಂದು ಗುಂಡನ್ನೂ ಹಾರಿಸದ ಹೊಸ ತೋಟೆಗಳು ತಮ್ಮಷ್ಟಕ್ಕೆ ತಾವೇ ಬಿರುಕು ಬಿಟ್ಟಿರುತ್ತಿದ್ದವು. ಋತುವಿಗೆ ತಕ್ಕಂತೆ ಕಾಣಿಸಿಕೊಳ್ಳುತ್ತಿದ್ದುದರಿಂದ ಇಂಗ್ಲಿಷಿನಲ್ಲಿ ಇದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂಬ ಹೆಸರು ಬಿತ್ತು. ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಮೂವರು 1921ರಲ್ಲಿ ಇದರ ಕಾರಣವನ್ನು ವಿವರಿಸಿದರು. ಕುದುರೆಗಳ ಗಂಜಳದಿಂದ ಏಳುವ ಅಮೋನಿಯಾ ಮತ್ತು ಹಿತ್ತಾಳೆಯೊಳಗೇ ಉಳಿದುಕೊಂಡ ಬಿಗಿತ, ಇವೆರಡೂ ಕೂಡಿದ್ದೇ ಆ ಬಿರುಕಿಗೆ ಕಾರಣವಾಗಿತ್ತು.

ಈ ಬಿಗಿತವೆಂದರೇನು ಎಂಬುದನ್ನು ತುಸು ಬಿಡಿಸಿ ಹೇಳಬೇಕು. ತೋಟೆಯ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು ಇರುತ್ತದೆ. ಬಿಲ್ಲೆಯಾಕಾರದ ಹಿತ್ತಾಳೆ ತುಂಡನ್ನು ಒತ್ತಿ ಬಟ್ಟಲು ಮಾಡಿ, ಆ ಬಟ್ಟಲನ್ನು ಹಂತಹಂತವಾಗಿ ಎಳೆದು ಉದ್ದನೆಯ ಕೊಳವೆ ಮಾಡುತ್ತಾರೆ. ಪ್ರತಿ ಎಳೆತಕ್ಕೂ ಲೋಹ ಗಡುಸಾಗುತ್ತ ಹೋಗುತ್ತದೆ, ನಡುನಡುವೆ ಕಾಯಿಸಿ ಮೆದುಗೊಳಿಸದಿದ್ದರೆ ಸೀಳಿಹೋಗುತ್ತದೆ. ಕೊನೆಯ ಎಳೆತದ ಮೇಲೆ ಸರಿಯಾಗಿ ಕಾಯಿಸದಿದ್ದರೆ ಅದರ ಬಿಗಿ ಒಳಗೇ ಉಳಿದುಬಿಡುತ್ತದೆ. ಅಮೋನಿಯಾ, ತೇವ ಮತ್ತು ಗಾಳಿ ಒಟ್ಟಾದಾಗ ತಾಮ್ರ ಕರಗಿ ಕಡುನೀಲಿ ದ್ರವವಾಗುತ್ತದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರೆಲ್ಲ ಆ ನೀಲಿಯನ್ನು ಕಂಡಿರುತ್ತಾರೆ. ಬಿಗಿತವಿರುವ ಹಿತ್ತಾಳೆಯಲ್ಲಿ ಈ ಕರಗುವಿಕೆ ಮೇಲ್ಮೈಯಲ್ಲಿ ಸಮನಾಗಿ ಹರಡದೆ, ಲೋಹದ ಹರಳುಗಳ ಸಂದಿ ಹಿಡಿದು ಒಳಗಿಳಿಯುತ್ತದೆ. ಮೇಲೆ ನೋಡಿದರೆ ಹೊಳಪು, ಒಳಗೆ ಕೂದಲೆಳೆಯ ಸೀಳು.

ರೈಫಲ್ಲಿನ ತೋಟೆಯಲ್ಲಿ ಇದು ಯಾಕೆ ಅಪಾಯವೆಂದರೆ, 7.62 ಮಿ.ಮೀ. ತೋಟೆ ಹಾರುವಾಗ ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ 3 ಸಾವಿರ ಕಿಲೋಗ್ರಾಂ ದಾಟುತ್ತದೆ. ಅಷ್ಟು ಬಿಸಿ ಅನಿಲ ಹಿಂದಕ್ಕೆ, ಅಂದರೆ ಹಾರಿಸುವವನ ಮುಖದ ಕಡೆಗೆ ಬರದಂತೆ ತಡೆಯುವುದು ಆ ತೆಳ್ಳನೆಯ ಹಿತ್ತಾಳೆ ಗೋಡೆ. ಹೀಗಾಗಿ ಮರುತುಂಬುವ ಹವ್ಯಾಸಿಗಳು ತೊಳೆದ ತೋಟೆಗಳನ್ನು ಒಂದು ಹಿಡಿ ಅಂಗೈಯಲ್ಲಿ ಹಿಡಿದು ಕುಲುಕಿ ಕಿವಿಗೊಡುತ್ತಾರೆ. ಗಟ್ಟಿಯಾದವು ಕಿಣಿಕಿಣಿ ಎನ್ನುತ್ತವೆ, ಸೀಳು ಬಿಟ್ಟದ್ದು ಒಂದಿದ್ದರೂ ನಡುವೆ ಒಡಕು ಸದ್ದು ಕೇಳುತ್ತದೆ. ಸಂತೆಯಲ್ಲಿ ಮಡಕೆಯನ್ನು ಬೆರಳಿನಿಂದ ತಟ್ಟಿ ನೋಡಿ ಕೊಳ್ಳುವವರಿಗೆ ಈ ವಿದ್ಯೆಯನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

ನಾನೇ ಕಂಡ ಒಂದು ಪ್ರಸಂಗವಿದೆ. ನಾನಿದ್ದ ಒಂದು ಘಟಕದ ಮೆಸ್ಸಿನ ಬಾಗಿಲಿನ ಎರಡೂ ಬದಿಗೆ 25 ಪೌಂಡರ್ ಫಿರಂಗಿಯ ಖಾಲಿ ಹಿತ್ತಾಳೆ ಕೊಳವೆಗಳನ್ನು ಹೂದಾನಿಯಂತೆ ನಿಲ್ಲಿಸಿದ್ದರು. ಪ್ರತಿ ಶನಿವಾರ ಅವನ್ನು ಬೆಳಗುವ ಹುಡುಗ ಕೆಲಸ ಬೇಗ ಮುಗಿಯಲೆಂದು ನೆಲ ತೊಳೆಯುವ ಘಾಟು ದ್ರಾವಣವನ್ನೇ ಬಟ್ಟೆಗೆ ಹಾಕಿ ಒರೆಸತೊಡಗಿದ. ಕೆಲವು ತಿಂಗಳು ಅವು ಕನ್ನಡಿಯಂತೆ ಹೊಳೆದವು, ಅವನಿಗೆ ಶಾಭಾಷ್‌ಗಿರಿಯೂ ಸಿಕ್ಕಿತು. ಮಳೆ ಹಿಡಿದ ಒಂದು ಮುಂಜಾನೆ ಎಡಬದಿಯದು ಬಾಯಿಯಿಂದ ಕೆಳಕ್ಕೆ ಬೆರಳುದ್ದ ಸೀಳಿತ್ತು. ಸೀಳಿನ ಅಂಚಿನಲ್ಲಿ ನವಿಲುಗರಿಯ ಬಣ್ಣದ ಸಣ್ಣ ಗೆರೆ. ಯಾರೂ ಬೀಳಿಸಿರಲಿಲ್ಲ, ಬಡಿದಿರಲಿಲ್ಲ. ಹುಡುಗನ ಮೇಲೆ ಕೈಜಾರಿ ಬೀಳಿಸಿದ ಆರೋಪ ಬಂದಾಗ ಆ ನೀಲಿ ಗೆರೆಯನ್ನು ತೋರಿಸಿ ಅವನನ್ನು ಬಿಡಿಸಿದೆ ಎಂಬುದು ನನ್ನ ನೌಕರಿಯ ಸಣ್ಣಪುಟ್ಟ ಸಮಾಧಾನಗಳಲ್ಲಿ ಒಂದು.

ಹಾಗಾದರೆ ಹವ್ಯಾಸಿಗಳು ನಿಜವಾಗಿ ತೊಳೆಯುವುದು ಹೇಗೆ? ಒಂದು ದಾರಿ ಒದ್ದೆಯದು: ಬಿಸಿನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು, ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೊಡುವ ಸಿಟ್ರಿಕ್ ಆಮ್ಲ ಒಂದಿಷ್ಟು, ಹತ್ತು ನಿಮಿಷ ಕಲಕುವುದು, ನೀರು ಬದಲಿಸಿ ಬದಲಿಸಿ ಜಾಲಿಸುವುದು, ಬಿಸಿಲಿಗೆ ಹರಡುವುದು. ಬೇಗ ಒಣಗಲೆಂದು ಬೆಂಕಿಯ ಮೇಲಿಟ್ಟರೆ ತೋಟೆಯ ಬುಡದ ಗಡಸುತನ ಹೋಗುತ್ತದೆ, ಅದಂತೂ ಸೀಳಿಗಿಂತ ಕೆಟ್ಟದ್ದು. ಇನ್ನೊಂದು ಒಣದಾರಿ. ನಡುಗುವ ಬೋಗುಣಿಯಂಥ ಯಂತ್ರದಲ್ಲಿ ಅಕ್ರೋಟಿನ ಚಿಪ್ಪಿನ ಪುಡಿ ಅಥವಾ ಮೆಕ್ಕೆಜೋಳದ ಬೆಂಡಿನ ತರಿ ತುಂಬಿ, ತೋಟೆಗಳನ್ನು ಅದರಲ್ಲಿ ಹೂತು ಎರಡು ಮೂರು ಗಂಟೆ ಬಿಡುತ್ತಾರೆ. ಅಕ್ರೋಟಿನ ಚಿಪ್ಪು ಗಡುಸು, ಮಸಿಯನ್ನು ಕೆರೆದು ತೆಗೆಯುತ್ತದೆ. ಬೆಂಡಿನ ತರಿ ಮೆದು, ಜಿಡ್ಡನ್ನು ಹೀರಿ ಹೊಳಪು ಕೊಡುತ್ತದೆ.

ದಾವಣಗೆರೆಯವರಾದ ನಾವು ಇಲ್ಲಿ ಸ್ವಲ್ಪ ನಿಲ್ಲಬೇಕು. ಸುಗ್ಗಿ ಬಂತೆಂದರೆ ನಮ್ಮ ಹಳ್ಳಿಗಳ ರಸ್ತೆಯ ಅರ್ಧಭಾಗ ಮೆಕ್ಕೆಜೋಳ ಒಣಗಿಸುವ ಕಣವಾಗುತ್ತದೆ, ಕಾಳು ಬಿಡಿಸಿದ ಮೇಲೆ ಬೆಂಡು ಒಲೆಗೆ ಹೋಗುತ್ತದೆ ಇಲ್ಲವೇ ಹೊಲದ ಬದುವಿನಲ್ಲಿ ಸುಡುತ್ತದೆ. ಅಮೆರಿಕದಲ್ಲಿ ಇದನ್ನೇ ಜರಡಿ ಹಿಡಿದು ಚೀಲ ತುಂಬಿ ಮಾರುತ್ತಾರೆ. ನಾನು ಒಣಗಿದ ಬೆಂಡನ್ನು ಒರಳಿನಲ್ಲಿ ಕುಟ್ಟಿ, ಇಡ್ಲಿ ರವೆಗಿಂತ ತುಸು ದಪ್ಪನೆಯ ತರಿಯನ್ನು ಸೋಸಿ, ಹಳೆಯ ಎತ್ತಿನ ಗಂಟೆಗಳೊಂದಿಗೆ ಮುಚ್ಚಳದ ಡಬ್ಬಿಗೆ ಹಾಕಿ ಅಂಗಳದಲ್ಲಿ ಉರುಳಿಸಿ ನೋಡಿದ್ದೇನೆ. ಒಂದು ಮಧ್ಯಾಹ್ನದ ಹೊತ್ತಿಗೆ ಗಂಟೆಗಳು ಮಾಸಲು ಬಿಟ್ಟು ಹೊಂಬಣ್ಣಕ್ಕೆ ತಿರುಗಿದವು. ಹುಣಸೆಹಣ್ಣಿನಲ್ಲಿ ಐದು ನಿಮಿಷದ ಕೆಲಸಕ್ಕೆ ಇಷ್ಟು ಗದ್ದಲವೇಕೆ ಎಂದು ನಮ್ಮ ಮನೆಯವರು ಕೇಳಿದರು. ಅವರ ಮಾತೂ ಸರಿಯೇ.

ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಸೌಮ್ಯವಾದದ್ದು, ಕಿಲುಬನ್ನು ಕರಗಿಸುತ್ತದೆ. ಆದರೆ ಹುಳಿ ಹಚ್ಚಿ ಮರೆತು ರಾತ್ರಿಯಿಡೀ ಬಿಟ್ಟರೆ ಹಿತ್ತಾಳೆ ಕೆಂಪಾಗುತ್ತದೆ. ಆ ಕೆಂಪನ್ನು ಶುದ್ಧಿಯ ಲಕ್ಷಣವೆಂದು ತಿಳಿಯುವವರಿದ್ದಾರೆ. ಸತು ಕರಗಿಹೋಗಿ ಮೇಲ್ಮೈಯಲ್ಲಿ ಬರೀ ತಾಮ್ರ ಉಳಿದಿರುವುದರ ಬಣ್ಣ ಅದು. ಖಾಲಿ ತೋಟೆಯನ್ನು ವಿನಿಗರಿನಲ್ಲಿ ಮರೆತವರಿಗೂ ಇದೇ ಗುಲಾಬಿ ಮಚ್ಚೆಗಳು ಕಾಣುತ್ತವೆ.

ಇನ್ನೆರಡು ಮಾತುಗಳನ್ನು ಆ ಟಿಪ್ಪಣಿಕಾರರು ಹೇಳಲೇಬೇಕಿತ್ತು. ತೋಟೆಯ ಬುಡದ ಕೇಪಿನಲ್ಲಿ, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲಿನಲ್ಲಿ, ಸಾಮಾನ್ಯವಾಗಿ ಸೀಸದ ಸಂಯುಕ್ತವಿರುತ್ತದೆ, ಹಾರಿದ ಮೇಲೆ ಸೀಸ ಮಸಿಯಲ್ಲಿ ಉಳಿಯುತ್ತದೆ. ಒಣ ತರಿಯಲ್ಲಿ ಉಜ್ಜಿದಾಗ ಏಳುವ ಧೂಳನ್ನು ಉಸಿರಾಡಬಾರದು, ಅಡುಗೆಮನೆಯ ಪಾತ್ರೆಯಲ್ಲಿ ತೋಟೆ ತೊಳೆಯಬಾರದು, ಮಕ್ಕಳ ಕೈಗೆ ಕೊಡಬಾರದು. ಮತ್ತು ವಿದೇಶದ ಈ ಹವ್ಯಾಸವನ್ನು ಇಲ್ಲಿ ಯಾರೂ ಮನೆಯಲ್ಲಿ ಪ್ರಯತ್ನಿಸಬಾರದು: ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ನಿಷೇಧಿಸಿದೆ. ಎಲ್ಲಾದರೂ ತೋಟೆ ಸಿಕ್ಕರೆ, ಅದು ಖಾಲಿಯೋ ಜೀವಂತವೋ ಎಂದು ಬಡಿದು ನೋಡದೆ ಪೊಲೀಸರಿಗೆ ತಿಳಿಸುವುದೇ ಸರಿ.

ಬೆಳೆ ರಕ್ಷಣೆಗೆಂದು ಪರವಾನಗಿಯ ಬಂದೂಕು ಇಟ್ಟುಕೊಂಡಿರುವ ಚನ್ನಗಿರಿ, ಹೊನ್ನಾಳಿ ಕಡೆಯ ರೈತ ಬಂಧುಗಳಿಗೂ ಲಾಯದ ಆ ಕಥೆ ಸಲ್ಲುತ್ತದೆ. ಕುದುರೆಯ ಬದಲು ಅವರ ಮನೆಯಲ್ಲಿ ಕೊಟ್ಟಿಗೆಯಿದೆ, ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಯೂರಿಯಾ ಚೀಲವಿದೆ. ತೇವ ಹಿಡಿದ ಯೂರಿಯಾದಿಂದ ಏಳುವ ಮೂಗು ಹಿಡಿಸುವ ಘಾಟೂ ಅಮೋನಿಯಾವೇ. ಹನ್ನೆರಡು ಬೋರಿನ ತೋಟೆಯ ಬುಡದ ಹಿತ್ತಾಳೆಗೆ ಹಸಿರುನೀಲಿ ಕಿಲುಬು ಹತ್ತಿದ್ದರೆ ಅದನ್ನು ಒರೆಸಿ ಹಾರಿಸುವುದು ಬೇಡ. ತೋಟೆಗಳನ್ನು ಕೊಟ್ಟಿಗೆ, ಗೊಬ್ಬರ ಎರಡರಿಂದಲೂ ದೂರ, ಒಣಗಿದ ಜಾಗದಲ್ಲಿ ಬೀಗ ಹಾಕಿ ಇಡಬೇಕು. ದೇವರ ಮನೆಯ ತಂಬಿಗೆ, ಕೊಳಗ, ದೀಪದ ಕಂಬಗಳನ್ನು ಅಟ್ಟದಲ್ಲಿ ಗೊಬ್ಬರದ ಜೊತೆ ಇಡುವವರಿಗೂ ಇದೇ ಮಾತು.

ದೀಪಾವಳಿಗೆ ಹೆಚ್ಚು ದಿನ ಉಳಿದಿಲ್ಲ, ಮನೆಮನೆಯಲ್ಲೂ ಹಿತ್ತಾಳೆ ಸಾಮಾನು ಅಟ್ಟದಿಂದ ಇಳಿಯುತ್ತಿದೆ. ಮುಂದಿನ ಭಾನುವಾರದ ಪುರವಣಿಯಲ್ಲಿ ‘ಅಮೋನಿಯಾದಲ್ಲಿ ರಾತ್ರಿಯಿಡೀ’ ಎಂಬ ಸಾಲನ್ನು ‘ಹುಣಸೆಹುಳಿಯಲ್ಲಿ ಹತ್ತು ನಿಮಿಷ, ಆಮೇಲೆ ಮೂರು ನೀರು’ ಎಂದು ತಿದ್ದಿ, ಟಿಪ್ಪಣಿ ಬಂದಿದ್ದ ಜಾಗದಲ್ಲಿಯೇ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಆರ್ಮರರ್, ದಾವಣಗೆರೆ